ಬಿಳಿ ಕೈ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಚಿಕ್ಕಪ್ಪ ವರ್ಷದಲ್ಲಿ ಕೆಲವು ವಾರ ಬೇರೆ ಬೇರೆ ಇರುತ್ತಿದ್ದರು. ಆ ವಾರಗಳು ಬಂದಾಗ ಚಿಕ್ಕಪ್ಪ ತನ್ನ ಹಾಸಿಗೆ, ತಟ್ಟೆ, ಲೋಟ, ಟವೆಲುಗಳನ್ನು ಎತ್ತಿಕೊಂಡು ಅಂಗಳದಾಚೆಯ ಹಳೆಯ ಪಂಪಿನ ಶೆಡ್ಡಿಗೆ ಹೊರಟುಬಿಡುತ್ತಿದ್ದ. ಇಬ್ಬರ ಬಟ್ಟೆಯೂ ಬೇರೆ ಬೇರೆ ಹಗ್ಗದ ಮೇಲೆ ಒಣಗುತ್ತಿತ್ತು. ಮಾತಾಡಬೇಕಾದರೆ ಅವನು ಶೆಡ್ಡಿನ ಬಾಗಿಲಲ್ಲಿ, ಇವಳು ಅಡುಗೆಮನೆಯ ಮೆಟ್ಟಿಲ ಮೇಲೆ, ನಡುವೆ ಇಡೀ ಅಂಗಳ. ಪಕ್ಕದ ಮನೆಗೆ ಹೊಸದಾಗಿ ಬಂದವರು ಒಂದು ದಿನ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, ದನಿ ತಗ್ಗಿಸಿ, ವಕೀಲರನ್ನು ನೋಡಿ ಆಯಿತೇ ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಜಗಳವಾಡಿದ ದಿನಗಳಲ್ಲಿ ಅವರಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ, ಮುಖ ಊದಿಸಿಕೊಂಡು ಇರುತ್ತಿದ್ದರು. ಬೇರೆಯಾಗುತ್ತಿದ್ದದ್ದು ನೀರಿಗಾಗಿ.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಅಂತರ್ಜಲ ಸಂಶೋಧನಾ ಕೇಂದ್ರದಲ್ಲಿ. ಹೆಸರು ಕೇಳಿ ದೊಡ್ಡ ಕಟ್ಟಡವೆಂದುಕೊಳ್ಳಬೇಡಿ. ಊರಿನ ಅಂಚಿನಲ್ಲಿ ನಾಲ್ಕು ಕೋಣೆ, ಅದರಲ್ಲೊಂದು ಪ್ರಯೋಗಾಲಯ, ಹೊರಗೆ ಎರಡು ಜೀಪು, ಹಿಂದುಗಡೆ ಸಿಬ್ಬಂದಿಯ ಮನೆಗಳು. ನಮ್ಮ ಸುತ್ತಲಿನ ಗುಡ್ಡಗಳೆಲ್ಲ ಸುಣ್ಣಕಲ್ಲಿನವು. ಸುಣ್ಣಕಲ್ಲನ್ನು ನೀರು ತಿನ್ನುತ್ತದೆ. ತಿಂದು ತಿಂದು ಒಳಗೆಲ್ಲ ಬಿರುಕು, ಪೊಟರೆ, ಸುರಂಗ ಮಾಡಿಕೊಂಡಿರುತ್ತದೆ. ಚೆನ್ನಾಗಿ ಹರಿದು ಬರುತ್ತಿದ್ದ ತೊರೆಯೊಂದು ಯಾವುದೋ ಬಂಡೆಯ ಬುಡದಲ್ಲಿ ಸದ್ದಿಲ್ಲದೆ ನೆಲದೊಳಗೆ ಇಳಿದುಬಿಡುತ್ತದೆ, ಇನ್ನೆಲ್ಲೋ ಗುಡ್ಡದ ಬದಿಯಲ್ಲಿ ಬುಗ್ಗೆಯಾಗಿ ಏಳುತ್ತದೆ. ಇಲ್ಲಿ ಇಳಿದ ನೀರು ಎದ್ದದ್ದು ಎಲ್ಲಿ ಎಂದು ಕಂಡುಹಿಡಿಯುವುದೇ ಕೇಂದ್ರದ ಕಸುಬು. ಅದಕ್ಕೆ ಇಳಿಯುವ ಕಡೆ ಬಣ್ಣ ಸುರಿಯಬೇಕು, ಏಳುವ ಕಡೆ ಕಾಯಬೇಕು.

ಬಣ್ಣವೆಂದರೆ ಇಟ್ಟಿಗೆಯ ಪುಡಿಯಂಥ ಕೆಂಪು ಪುಡಿ. ನೀರು ಸೋಕಿತೋ, ಕಣ್ಣು ಕುಕ್ಕುವ ಹಸಿರು. ಕುಡಿದರೆ ಏನೂ ಆಗುವುದಿಲ್ಲ, ಆದರೆ ಅಂಟಿಕೊಂಡರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದನ್ನು ಸುರಿಯುವವನು ಚಿಕ್ಕಪ್ಪ. ಸುರಿದು ಬಂದ ಮೇಲೆ ಎಷ್ಟೋ ದಿನ ಅವನು ಬೆವರಿದರೆ ಕುತ್ತಿಗೆ ಹಸಿರು, ಮಿಂದರೆ ಬಚ್ಚಲು ಹಸಿರು, ಸೀನಿದರೆ ಕರವಸ್ತ್ರ ಹಸಿರು. ಬುಗ್ಗೆಗಳ ಹತ್ತಿರ ಕಾಯುವವಳು ಚಿಕ್ಕಮ್ಮ. ಬುಗ್ಗೆಯ ಬಾಯಲ್ಲಿ ಇದ್ದಿಲಿನ ಪುಟ್ಟ ಪೊಟ್ಟಣ ಕಟ್ಟಿ ಬರುತ್ತಾಳೆ. ಹಾದುಹೋಗುವ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಬಣ್ಣವಿದ್ದರೂ ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾರ ಕಳೆದ ಮೇಲೆ ಪೊಟ್ಟಣ ಬಿಚ್ಚಿ ತಂದು ದ್ರಾವಣದಲ್ಲಿ ನೆನೆಸಿದರೆ ಹಿಡಿದಿಟ್ಟ ಬಣ್ಣ ಹೊರಗೆ ಬರುತ್ತದೆ. ಕೇಂದ್ರದ ಯಂತ್ರದ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ದೊಡ್ಡ ಕೆರೆಗೆ ಬಿದ್ದ ಒಂದು ಚಿಟಿಕೆಯೂ ಅದಕ್ಕೆ ಸಿಕ್ಕಿಬೀಳುತ್ತದೆ. ಹಾಗಾಗಿ ಬಣ್ಣ ಮುಟ್ಟಿದವನು ಪೊಟ್ಟಣ ಮುಟ್ಟುವಂತಿಲ್ಲ, ಪೊಟ್ಟಣ ಮುಟ್ಟುವವಳನ್ನೂ ಮುಟ್ಟುವಂತಿಲ್ಲ. ಕೇಂದ್ರದಲ್ಲಿ ಅವನಿಗೆ ಬಣ್ಣದ ಕೈ ಎಂದೂ ಇವಳಿಗೆ ಬಿಳಿ ಕೈ ಎಂದೂ ಅಡ್ಡಹೆಸರು. ಕೈ ಹಿಡಿದ ಗಂಡನ ಕೈ ಮುಟ್ಟದೆ ಇರುವುದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು ಎಂದು ಚಿಕ್ಕಮ್ಮನೇ ಹೇಳಿಕೊಂಡು ನಗುತ್ತಿದ್ದಳು.

ಅವಳು ನೀರಿನ ವಿಷಯ ಓದಿದವಳಲ್ಲ. ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಸಣ್ಣ ಅಂಗಡಿಯಿತ್ತು. ಕೇಂದ್ರದವರು ಒಮ್ಮೆ ಸೊಳ್ಳೆಪರದೆಯ ಬಟ್ಟೆ ತಂದುಕೊಟ್ಟು, ಬೆರಳುದ್ದದ ಚೀಲಗಳನ್ನು ಹೊಲಿದುಕೊಡಿ ಎಂದರು. ಮೊದಲ ಸಲ ಸುಮ್ಮನೆ ಹೊಲಿದುಕೊಟ್ಟಳು. ಎರಡನೆಯ ಸಲ ಯಾತಕ್ಕೆಂದು ಕೇಳಿದಳು, ಇದ್ದಿಲು ತುಂಬುವುದಕ್ಕೆ ಎಂದರು. ಇದ್ದಿಲಿಗೆ ಯಾರಾದರೂ ಸೊಳ್ಳೆಪರದೆ ಕಟ್ಟುತ್ತಾರೆಯೇ? ಆ ಪ್ರಶ್ನೆ ಅವಳ ತಲೆ ತಿನ್ನತೊಡಗಿತು. ಮೂರನೆಯ ಸಲ ಚೀಲಗಳನ್ನು ತಾನೇ ತಲುಪಿಸುವ ನೆಪದಲ್ಲಿ ಕೇಂದ್ರಕ್ಕೆ ಹೋದಳು, ಹೋದವಳು ಜೀಪು ಹತ್ತಿ ಬುಗ್ಗೆಯ ತನಕವೂ ಹೋದಳು. ಆ ದಿನ ಅಂಗಡಿ ತೆರೆಯಲೇ ಇಲ್ಲ. ಒಂದೇ ತೋಳು ಕೂಡಿಸಿದ ಕೋಟು ಯಂತ್ರದ ಮೇಲೆ ಹಾಗೇ ಬಿದ್ದಿತ್ತು, ಅದರ ಯಜಮಾನ ಬಂದು ಬಾಗಿಲಿಗೆ ಬೈದು ಹೋದನಂತೆ. ಮರುವರ್ಷಕ್ಕೆ ಅವಳು ಕೇಂದ್ರದ ನೌಕರಳಾಗಿದ್ದಳು, ಅದರ ಮರುವರ್ಷಕ್ಕೆ ಹಸಿರು ಕುತ್ತಿಗೆಯವನ ಹೆಂಡತಿ. ಮದುವೆಗೆ ಪರೀಕ್ಷೆಯಿಲ್ಲದ ತಿಂಗಳನ್ನೇ ಹುಡುಕಬೇಕಾಯಿತು.

ನಾನು ಅವಳ ಅಕ್ಕನ ಮಗಳು. ಕಾಲೇಜು ಓದಲು ಬಂದು ಅವರ ಮಹಡಿಯ ಕೋಣೆಯಲ್ಲಿ ಉಳಿದವಳು, ಇಲ್ಲೇ ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೂ ಅಲ್ಲೇ ಬೇರು ಬಿಟ್ಟೆ. ಚಿಕ್ಕಮ್ಮನ ಜೊತೆ ಬದುಕುವುದು ಸುಲಭವಲ್ಲ. ಏನು ಕೇಳಿದರೂ ಅವಳದು ಒಂದೇ ಮಾತು, ‘ಗೊತ್ತಿಲ್ಲ, ನೋಡೋಣ.’ ಬೇರೆಯವರು ‘ಗೊತ್ತಿಲ್ಲ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಇವಳದು ಅಲ್ಲಿಂದ ಶುರುವಾಗುತ್ತದೆ. ಮಹಡಿಯ ಬಾಗಿಲು ಬೇಸಗೆಯಲ್ಲಿ ಸಲೀಸಾಗಿ ಮುಚ್ಚಿಕೊಂಡು ಮಳೆಗಾಲದಲ್ಲಿ ಯಾಕೆ ಬಿಗಿಯುತ್ತದೆ ಎಂದು ನಾನು ಬಾಯಿತಪ್ಪಿ ಕೇಳಿದೆ. ಅವಳು ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿ ಅಳೆಯುತ್ತ ಕೂತಳು. ನಾನು ಬಾಗಿಲಿಲ್ಲದ ಕೋಣೆಯಲ್ಲಿ ಮಲಗಿದೆ. ನನ್ನ ಸಿಟ್ಟೋ ಮೂಗಿನ ತುದಿಯಲ್ಲಿ, ಕೂಗಾಡಿದೆ. ಅವಳು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಮರ ನೀರು ಕುಡಿಯೋದು ಉದ್ದಕ್ಕಲ್ಲ ಕಣೇ, ಅಗಲಕ್ಕೆ ಎಂದು ಖುಷಿಯಿಂದ ತಿಳಿಸಿದಳು.

ಈಗ ಗುಂಡಿಯ ವಿಷಯ. ಊರಿನ ಹೊರಗೆ ಹಳೆಯ ಕಲ್ಲುಗಣಿಯ ಗುಂಡಿಯೊಂದಿತ್ತು. ಊರಿನ ಕಸವನ್ನೆಲ್ಲ ಅದಕ್ಕೆ ಸುರಿಯುವುದೆಂದು ನಗರಸಭೆ ತೀರ್ಮಾನಿಸಿತ್ತು. ಎಂಥ ಮಳೆ ಬಂದರೂ ಆ ಗುಂಡಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅಧ್ಯಕ್ಷರ ಪ್ರಕಾರ ಇದಕ್ಕಿಂತ ಒಣ ಜಾಗ ಕಸಕ್ಕೆ ಸಿಗಲಾರದು. ಕೇಂದ್ರದ ಮುಖ್ಯಸ್ಥೆಗೆ ಅನುಮಾನ ಹುಟ್ಟಿದ್ದೇ ಆ ಮಾತಿನಿಂದ: ನಿಲ್ಲದ ನೀರು ಎಲ್ಲಿಗೋ ಹೋಗುತ್ತಿರಬೇಕಲ್ಲ? ಈ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರ್ ಮೇಡಂ ಎನ್ನುತ್ತಿದ್ದರು. ಅವರು ಡಾಕ್ಟರಾದದ್ದು ಕಲ್ಲಿನೊಳಗಿನ ನೀರಿನ ಬಗ್ಗೆ ಬರೆದು. ಆದರೂ ಕೆಮ್ಮು, ಮಂಡಿನೋವು ಎಂದು ಜನ ಬಂದು ಕೇಂದ್ರದ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರನ್ನು ಬೇಸರಿಸದೆ ಆಸ್ಪತ್ರೆಯ ದಾರಿ ತೋರಿಸುವುದೂ ಮೇಡಂ ಕೆಲಸಗಳಲ್ಲಿ ಒಂದಾಗಿತ್ತು.

ಗುಂಡಿ ಇರುವ ದಿಬ್ಬದ ಆಚೆ ಬದಿಗೆ, ಇಳಿಜಾರಿನ ಕೊನೆಯಲ್ಲಿ, ಒಂದು ಹಳ್ಳಿ. ಅಲ್ಲಿ ಕೊಳಾಯಿಯಿಲ್ಲ, ಇರುವುದು ಒಂದೇ ಬುಗ್ಗೆ. ನೆಲದ ಇಳಿಜಾರು ನೋಡಿದ ಯಾರಿಗೂ ಗುಂಡಿಯ ನೀರು ಅಲ್ಲಿಗೇ ಹೋಗುತ್ತಿರಬೇಕು ಎನ್ನಿಸುತ್ತಿತ್ತು. ಹಳ್ಳಿಯವರು ನಗರಸಭೆಗೆ ಹೋಗಿ ಕೇಳಿಕೊಂಡರು. ಸಾಬೀತು ತನ್ನಿ, ಆಮೇಲೆ ನೋಡೋಣ ಎಂದು ಕಳಿಸಿದರು. ಗುಂಡಿಗೆ ಲಾರಿ ಹೋಗಲು ರಸ್ತೆಯ ಕೆಲಸ ಆಗಲೇ ಶುರುವಾಗಿತ್ತು. ರಸ್ತೆ ಗುಂಡಿಯನ್ನು ಮುಟ್ಟುವುದರೊಳಗೆ ಹಸಿರು ಬುಗ್ಗೆಯನ್ನು ಮುಟ್ಟಿದೆಯೆಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಕಸ ಸುರಿಯುವುದು ಖಂಡಿತ. ಆ ಹಳ್ಳಿ ಕುಡಿಯುವ ನೀರು ಚಿಕ್ಕಮ್ಮನ ಪೊಟ್ಟಣದ ಮೇಲೆ ನಿಂತಿತ್ತು.

ಬುಗ್ಗೆಗೆ ಹತ್ತಿರದ ಮನೆಯಲ್ಲಿ ಒಬ್ಬ ಅಜ್ಜಿಯಿದ್ದಳು. ನಾವು ಬುಗ್ಗೆಯಜ್ಜಿ ಎನ್ನುತ್ತಿದ್ದೆವು. ಮಕ್ಕಳು ಪೊಟ್ಟಣ ಕೀಳದಂತೆ ಕಾಯುವುದನ್ನು ಅವಳು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ಚಿಕ್ಕಮ್ಮ ಕೈಗವಸು ತೊಟ್ಟು ದಾರ ಬಿಗಿಯುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುವಳು. ಅಜ್ಜಿಗೂ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ನೀರು ಕತ್ತಲಲ್ಲಿ ದಾರಿ ಹೇಗೆ ಹುಡುಕುತ್ತೆ, ಮಧ್ಯದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾ, ಎರಡು ನೀರು ಒಳಗೆ ಎದುರಾದರೆ ಯಾವುದು ದಾರಿ ಬಿಡುತ್ತೆ? ಚಿಕ್ಕಮ್ಮ ಎಲ್ಲಕ್ಕೂ ತನ್ನ ಒಂದೇ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ, ಜೀಪಿನವನು ಹಾರನ್ ಬಾರಿಸಿ ಬಾರಿಸಿ ಸುಸ್ತಾಗುತ್ತಿದ್ದ.

ಬಣ್ಣ ಸುರಿಯುವ ಮೊದಲು ಕಟ್ಟಿದ ಪೊಟ್ಟಣಗಳೆಲ್ಲ ಸ್ವಚ್ಛವಾಗಿದ್ದವು. ಒಂದು ಜಡಿಮಳೆಯ ಮರುದಿನ ಚಿಕ್ಕಪ್ಪ ಗುಂಡಿಯ ತಳದ ಬಿರುಕಿಗೆ ಬಣ್ಣ ಸುರಿದ. ಸುರಿದು ಶೆಡ್ಡು ಸೇರಿದ. ಮೊದಲ ವಾರದ ಪೊಟ್ಟಣಗಳಲ್ಲಿ ಏನೂ ಇರಲಿಲ್ಲ. ಎರಡನೆಯ ವಾರದ ಪೊಟ್ಟಣ ತರಲು ಹೋಗುವ ಹಿಂದಿನ ಸಂಜೆ ಆ ಸಿಬಿರಿನ ಪ್ರಕರಣ ನಡೆಯಿತು.

ಗುಂಡಿಗೆ ಇಳಿಯಲು ಹಾಕಿದ್ದ ಹಲಗೆ ತೆಗೆಯುವಾಗ ಚಿಕ್ಕಪ್ಪನ ಅಂಗೈಗೆ ಮರದ ಸಿಬಿರು ಚುಚ್ಚಿತ್ತಂತೆ. ಯಾರಿಗೂ ಹೇಳದೆ ಮೂರು ದಿನ ಇಟ್ಟುಕೊಂಡಿದ್ದ. ಆ ಸಂಜೆ ಕೈ ಬಾತು ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ನಾನು ಸೂಜಿ ಹಿಡಿದು ಹೋದೆ. ನಾನು ಕೆದಕಿದ ಹಾಗೆಲ್ಲ ಅವನು ಮುಖ ಕಿವಿಚಿದ, ಸಿಬಿರು ಇನ್ನೂ ಒಳಗೆ ಹೋಯಿತು. ಮೆಟ್ಟಿಲ ಮೇಲಿಂದ ನೋಡುತ್ತಿದ್ದ ಚಿಕ್ಕಮ್ಮ ನನಗೆ ಸಾಕು ಬಿಡು ಎಂದಳು. ಕೈಗವಸು ಹಾಕಿಕೊಂಡು ಅಂಗಳ ದಾಟಿ ಬಂದಳು. ಕೈಗವಸಿನಲ್ಲಿ ಸೂಜಿ ಜಾರುತ್ತಿತ್ತು. ಒಂದು ಕ್ಷಣ ಗಂಡನ ಮುಖ ನೋಡಿ, ಕೈಗವಸು ಕಳಚಿ ಪಕ್ಕಕ್ಕಿಟ್ಟಳು. ದರ್ಜಿಯ ಬೆರಳು, ಸಿಬಿರು ಒಂದೇ ಎಳೆತಕ್ಕೆ ಬಂತು. ಆಮೇಲೂ ಅವಳು ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಎರಡು ವಾರವಾಗಿತ್ತಲ್ಲ. ನಾನು ಬೇರೆ ಕಡೆ ನೋಡಿದೆ.

ಒಳಗೆ ಬಂದವಳೇ ಅಡುಗೆಮನೆಯ ಕೊಳಾಯಿ ತಿರುಗಿಸಿ ಕೈ ತೊಳೆದಳು. ಸೋಪು ಹಚ್ಚಿ, ಉಗುರಿನ ಸಂದಿಗೆಲ್ಲ ಬ್ರಷ್ಷು ಹಾಕಿ, ಮತ್ತೆ ಸೋಪು ಹಚ್ಚಿ, ಚರ್ಮ ಕೆಂಪಾಗುವ ತನಕ. ಮರುದಿನ ಹೊಸ ಕೈಗವಸು ತೊಟ್ಟು ಹೋಗಿ ಎಲ್ಲ ಪೊಟ್ಟಣಗಳನ್ನೂ ಬಿಚ್ಚಿ ತಂದಳು. ಮಳೆಗೆ ಕೆಸರು ಮೆತ್ತಿಕೊಂಡಿತ್ತು. ಎಂದಿನ ಹಾಗೆ ಅದು ಬಿಡಲೆಂದು ಬಕೆಟ್ಟಿನಲ್ಲಿ ನೆನೆಹಾಕಿದಳು.

ಫಲಿತಾಂಶದ ದಿನ ನನಗೆ ಶಾಲೆಗೆ ರಜೆ. ನೀನೂ ಬಾ ಎಂದು ಕರೆದುಕೊಂಡು ಹೋದಳು. ಪ್ರಯೋಗಾಲಯದ ಉದ್ದ ಮೇಜಿನ ಮೇಲೆ ಗಾಜಿನ ಬಾಟಲಿಗಳು ಸಾಲಾಗಿದ್ದವು. ಮೇಡಂ ಮೊದಲು ಎತ್ತಿಕೊಂಡದ್ದು ಆಚೆ ಹಳ್ಳಿಯ ಬುಗ್ಗೆಯದು. ಯಂತ್ರದೊಳಗಿಟ್ಟು ಮುಚ್ಚಳ ಹಾಕಿ, ಪರದೆ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹಸಿರು ಇದೆ ಎಂದರು. ಜೀಪಿನವನು ಚಪ್ಪಾಳೆ ತಟ್ಟಿದ. ಯಾರೋ ಟೀ ತರಲು ಓಡಿದರು. ನನಗೆ ಕುಣಿಯುವ ಹಾಗಾಯಿತು. ರಸ್ತೆ ಇನ್ನೂ ದಿಬ್ಬದ ಕೆಳಗಿತ್ತು, ಬುಗ್ಗೆ ಉಳಿಯಿತು. ತಿರುಗಿ ನೋಡಿದರೆ ಚಿಕ್ಕಮ್ಮ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಳು.

ಅವಳ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಕೂಡಲೇ ಹೊಳೆಯಿತು. ಮೆಲ್ಲಗೆ ಅವಳ ತೋಳು ಜಿಗುಟಿದೆ. ಬಾಯಿ ಮುಚ್ಚಿಕೊಂಡಿದ್ದರೆ ಇಡೀ ಹಳ್ಳಿ ಬದುಕುತ್ತದೆ, ಸಿಬಿರಿನ ಸುದ್ದಿ ನಮ್ಮ ಮೂವರಲ್ಲೇ ಇರುತ್ತದೆ. ಅಷ್ಟಕ್ಕೂ ಬುಗ್ಗೆಗೆ ಹಸಿರು ನಿಜವಾಗಿಯೇ ಬಂದಿರಬಹುದಲ್ಲ? ಅವಳು ನನ್ನ ಕೈ ಸರಿಸಿದಳು.

“ಮೇಡಂ, ಪೊಟ್ಟಣ ತರೋ ಹಿಂದಿನ ಸಂಜೆ ನಾನು ನಮ್ಮನೆಯವರ ಕೈ ಮುಟ್ಟಿದ್ದೆ,” ಎಂದಳು. “ಸಿಬಿರು ತೆಗೆಯೋಕೆ. ಬರಿಗೈಯಲ್ಲಿ.”

ಟೀ ಬಂದಿತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರು ಸುಮ್ಮನೆ ಎದ್ದು ಸಾಲಿನ ಕೊನೆಯ ಬಾಟಲಿ ಎತ್ತಿಕೊಂಡರು. ಅದರಲ್ಲಿದ್ದದ್ದು ತಿರುಗುವ ಪೊಟ್ಟಣ. ಚಿಕ್ಕಮ್ಮನ ಚೀಲದಲ್ಲಿ ಎಲ್ಲ ಬುಗ್ಗೆಗಳಿಗೂ ಹೋಗಿ ಬರುತ್ತದೆ, ಆದರೆ ಯಾವ ಬುಗ್ಗೆಗೂ ಇಳಿಯುವುದಿಲ್ಲ. ಉಳಿದ ಪೊಟ್ಟಣಗಳಿಗೆ ಏನೇನು ಮಾಡುತ್ತಾರೋ ಅದಕ್ಕೂ ಅದನ್ನೇ ಮಾಡಬೇಕು, ಬುಗ್ಗೆಯಲ್ಲಿ ಕಟ್ಟುವುದೊಂದನ್ನು ಬಿಟ್ಟು. ಕೈ ಕೊಳೆಯಾಗಿದ್ದರೆ ಅದು ಹೇಳಿಬಿಡುತ್ತದೆ. ಇಷ್ಟು ವರ್ಷ ಅದು ಒಂದು ಸಲವೂ ಚಿಕ್ಕಮ್ಮನ ವಿರುದ್ಧ ಚಕಾರ ಎತ್ತಿರಲಿಲ್ಲ.

ಅದೂ ಹಸಿರಾಗಿತ್ತು. ಗುಂಡಿಗೆ ಯಾವ ಸಂಬಂಧವೂ ಇಲ್ಲದ, ಎರಡು ಗುಡ್ಡ ದಾಟಿದ ಮೇಲಿನ ತೊರೆಯ ಪೊಟ್ಟಣವೂ ಹಸಿರು. ಮೇಜಿನ ಮೇಲಿದ್ದ ಎಲ್ಲವೂ ಹಸಿರು. ಜೀಪಿನವನು ಟೀ ಲೋಟಗಳನ್ನು ಹಾಗೇ ತಟ್ಟೆ ಸಮೇತ ಹೊರಗೆ ಒಯ್ದ.

ಮನೆಗೆ ಬರುವ ದಾರಿಯಲ್ಲಿ ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಬಾಯಿ ಬಿಡದೆ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು, ಸತ್ಯ ಹೇಳಿ ಯಾರನ್ನು ಉದ್ಧಾರ ಮಾಡಿದೆ, ಆ ಅಜ್ಜಿಗೆ ನಾಳೆ ಯಾವ ಮುಖ ತೋರಿಸುತ್ತೀಯ ಎಂದೆಲ್ಲ ಹರಿಹಾಯ್ದೆ. ಸತ್ಯದ ಬಗ್ಗೆ ಏನಾದರೂ ದೊಡ್ಡ ಮಾತು ಹೇಳಿದ್ದರೆ ನನ್ನ ಸಿಟ್ಟು ಇನ್ನೂ ಏರುತ್ತಿತ್ತು. ಅವಳು ಹಾಗೇನೂ ಹೇಳಲಿಲ್ಲ.

“ನಂಗೆ ಗೊತ್ತಾಗ್ಬೇಕಲ್ಲ ಕಣೇ,” ಎಂದಳು, “ಆ ನೀರು ಎಲ್ಲಿಗೆ ಹೋಗುತ್ತೆ ಅಂತ. ಸುಳ್ಳು ಹಸಿರು ಇಟ್ಕೊಂಡು ನಾನೇನು ಮಾಡ್ಲಿ?”

ಆ ಸಂಜೆ ಅವನು ಶೆಡ್ಡಿನ ಬಾಗಿಲಲ್ಲಿ, ಇವಳು ಮೆಟ್ಟಿಲ ಮೇಲೆ, ಇಬ್ಬರೂ ಕೂತಿದ್ದರು. ಸಿಬಿರು ಅಲ್ಲೇ ಕೊಳೆತು ಹೋಗಲಿ ಎಂದು ಬಿಡಬೇಕಿತ್ತು ಎಂದು ಚಿಕ್ಕಪ್ಪ ಒಂದು ಸಲ ಹೇಳಿದ. ಅದಕ್ಕೆ ಚಿಕ್ಕಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು, ನನ್ನ ಕೂಗಾಟಕ್ಕೆಲ್ಲ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮೇಡಂ ತಾವೇ ನಮ್ಮ ಅಡುಗೆಮನೆಗೆ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ನಿಂತುಕೊಂಡೇ ಕೇಳಿದರು, ಪೊಟ್ಟಣಗಳನ್ನು ಬಿಚ್ಚಿದ್ದು ಯಾವ ಸಾಲಿನಲ್ಲಿ? ಚಿಕ್ಕಮ್ಮ ಹೇಳಿದಳು: ಮೊದಲು ದೂರದ ತೊರೆ, ಆಮೇಲೆ ಹೊಳೆಯ ದಂಡೆಯವು, ಕೊನೆಗೆ ಆಚೆ ಬುಗ್ಗೆ. ಮೇಡಂ ತಲೆಯಾಡಿಸಿದರು.

“ಕೈಯಿಂದ ಅಂಟಿದ್ರೆ ಮೊದಲು ಮುಟ್ಟಿದ್ದಕ್ಕೆ ಜಾಸ್ತಿ, ಕೊನೆಗೆ ಮುಟ್ಟಿದ್ದಕ್ಕೆ ಕಡಿಮೆ ಇರ್ಬೇಕು. ಇಲ್ಲಿ ಎಲ್ಲಾದ್ರಲ್ಲೂ ಸಮಸಮ ಇದೆ. ಕೈ ಇಷ್ಟು ನ್ಯಾಯವಾಗಿ ಹಂಚಲ್ಲ. ಇವೆಲ್ಲ ಒಟ್ಟಿಗೆ ಎಲ್ಲಿದ್ವು, ಹೇಳಿ.”

ಒಟ್ಟಿಗೆ ಎಂದರೆ ಬಕೆಟ್ಟಿನಲ್ಲಿ. ಕೆಸರು ಬಿಡಲು ಒಂದು ರಾತ್ರಿ ಪೂರ್ತಿ. ಬಕೆಟ್ಟು ಚಿಕ್ಕಮ್ಮನದೇ, ಬೀಗ ಹಾಕಿದ ಕಪಾಟಿನಲ್ಲಿ ಇರುವುದು, ಬಣ್ಣದ ಕೈ ಅದರ ನೆರಳನ್ನೂ ಕಂಡಿರಲಿಲ್ಲ. ಮತ್ತೆ ನೀರು? ಭಟ್ಟಿ ಇಳಿಸಿದ ಶುದ್ಧ ನೀರು ಕೇಂದ್ರದಲ್ಲಿ ತೊಟ್ಟು ತೊಟ್ಟಾಗಿ ಆಗುತ್ತಿತ್ತು, ಅದು ಬಾಟಲಿಗಳಿಗೇ ಸಾಲದು. ಕೆಸರಿಗೆ ಕೊಳಾಯಿ ನೀರೇ ಸಾಕೆಂದು ನಿಯಮ ಬರೆದಿದ್ದವರು ಮೇಡಂ.

ಮೂವರೂ ಒಟ್ಟಿಗೆ ಸಿಂಕಿನ ಮೇಲಿನ ಕೊಳಾಯಿಯ ಕಡೆ ತಿರುಗಿದೆವು. ಒಂದು ಹನಿ ತೂಗಾಡುತ್ತಿತ್ತು, ಬಿತ್ತು. ಕೊಳಾಯಿಯ ನೀರು ಬರುತ್ತಿದ್ದದ್ದು ಊರ ಮೇಲಿನ ಟ್ಯಾಂಕಿನಿಂದ, ಟ್ಯಾಂಕಿಗೆ ಊರಿನ ಕೊಳವೆಬಾವಿಗಳಿಂದ. ಆ ಬಾವಿಗಳು ಗುಂಡಿಯ ಈಚೆಗೆ, ಗುಂಡಿಗಿಂತ ಎತ್ತರದ ನೆಲದಲ್ಲಿದ್ದವು. ಗುಂಡಿಯ ನೀರು ಅಲ್ಲಿಗೆ ಬರಬೇಕಾದರೆ ಗುಡ್ಡ ಹತ್ತಬೇಕು. ಅಲ್ಲಿ ಪೊಟ್ಟಣ ಕಟ್ಟಬೇಕೆಂದು ಯಾರ ಕನಸಿನಲ್ಲೂ ಬಂದಿರಲಿಲ್ಲ.

“ಅದು ಹೇಗೆ ಬರುತ್ತೆ ಇಲ್ಲಿಗೆ?” ಎಂದೆ ನಾನು.

ಚಿಕ್ಕಮ್ಮನ ಊದಿದ ಕಣ್ಣುಗಳಲ್ಲಿ ಹಿಂದಿನ ಮಿಂಚು ಬಂತು. “ಗೊತ್ತಿಲ್ಲ,” ಎಂದಳು, “ನೋಡೋಣ.”

ಆದರೆ ನೋಡುವುದಕ್ಕೆ ಅವಳ ಕೈ ನಡೆಯುವಂತಿರಲಿಲ್ಲ. ನಾನೂ ಸಿಬಿರಿನ ಪಾಲುಗಾರ್ತಿ. ಮೇಡಂ ತಾವೇ ಬಾಟಲಿಗಳನ್ನು ಹಿಡಿದು, ಚಿಕ್ಕಪ್ಪನ ಹತ್ತಿರವೂ ಸುಳಿಯದ ಎರಡನೆಯ ಜೀಪಿನಲ್ಲಿ ಹೊರಟರು. ಬಸ್ ನಿಲ್ದಾಣದ ಕೊಳಾಯಿ, ನಮ್ಮ ಶಾಲೆಯ ಕೊಳಾಯಿ, ಆಸ್ಪತ್ರೆಯದು, ಕೊನೆಗೆ ನಗರಸಭೆ ಕಚೇರಿಯದು. ಕಚೇರಿಯ ಜವಾನ ಡಾಕ್ಟರ್ ಬಂದಿದ್ದಾರೆಂದು ಓಡಿ ಬಂದು, ಮೇಡಂ ಮುಂದೆ ನಾಲಿಗೆ ಚಾಚಿ ನಿಂತನಂತೆ. ಅವರು ಅವನ ನಾಲಿಗೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ನೀರು ತುಂಬಿಕೊಂಡು ಬಂದರು.

ಎಲ್ಲ ಬಾಟಲಿಗಳಲ್ಲೂ ಹಸಿರು. ಕಣ್ಣಿಗೆ ಕಾಣದಷ್ಟು, ಯಂತ್ರಕ್ಕೆ ಧಾರಾಳವಾಗಿ ಕಾಣುವಷ್ಟು. ಇಡೀ ಊರು ಅದನ್ನು ಕುಡಿಯುತ್ತಿತ್ತು, ಅದರಲ್ಲೇ ಅಡುಗೆ ಮಾಡುತ್ತಿತ್ತು. ಚಿಕ್ಕಮ್ಮ ಉಗುರಿನ ಸಂದಿಗೆ ಬ್ರಷ್ಷು ಹಾಕಿ ಕೈ ತೊಳೆದುಕೊಂಡದ್ದೂ ಅದರಲ್ಲೇ. ಅವಳ ಕೈಯಿಂದ ನೀರಿಗೆ ಬಣ್ಣ ಹೋಗಿರಲಿಲ್ಲ, ನೀರಿನಿಂದಲೇ ಅವಳ ಕೈಗೆ ಬಂದಿತ್ತು. ಇದನ್ನು ಕೇಳಿ ಚಿಕ್ಕಪ್ಪ ಶೆಡ್ಡಿನ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನು ತಾನು ಶೆಡ್ಡಿನಲ್ಲಿ ಇರುವುದಕ್ಕೆ ಅರ್ಥವೇ ಇಲ್ಲ, ಊರಿಗೆ ಊರೇ ಬಣ್ಣದ ಕೈ ಎಂದ. ಅರ್ಥವಿದ್ದರೂ ಇಲ್ಲದಿದ್ದರೂ ನಿಯಮ ನಿಯಮವೇ ಎಂದು ಚಿಕ್ಕಮ್ಮ ಅವನನ್ನು ಅಲ್ಲೇ ಕೂರಿಸಿದಳು.

ಮೇಡಂ ಶುದ್ಧ ನೀರಿನಲ್ಲೇ ತೊಳೆದ ಹೊಸ ಪೊಟ್ಟಣಗಳನ್ನು ಎಲ್ಲ ಕಡೆ ಮತ್ತೆ ಕಟ್ಟಿದರು, ಈ ಸಲ ಊರಿನ ಬಾವಿಗಳಲ್ಲೂ. ಸೊಳ್ಳೆಪರದೆಯ ಚೀಲಗಳನ್ನು ಹೊಲಿದುಕೊಟ್ಟದ್ದು ಕೂಡ ಪಕ್ಕದ ಬೀದಿಯ ಬೇರೊಬ್ಬ ದರ್ಜಿ. ಚಿಕ್ಕಮ್ಮ ಅದರ ಹೊಲಿಗೆ ನೋಡಿ ಮೂಗು ಮುರಿದಳು, ಆದರೆ ಮುಟ್ಟಲಿಲ್ಲ. ಆ ದಿನಗಳಲ್ಲಿ ಅವಳನ್ನು ಹಿಡಿಯುವವರಿಲ್ಲ. ಪಂಪುಗಳು ಎಷ್ಟು ಆಳದಿಂದ ನೀರು ಎಳೆಯುತ್ತವೆ, ಯಾವಾಗಿನಿಂದ, ಎಳೆತಕ್ಕೆ ಒಳಗಿನ ನೀರು ದಾರಿಯನ್ನೇ ಬದಲಿಸುತ್ತದೆಯೇ ಎಂದು ಮೇಡಂ ಬೆನ್ನು ಬಿದ್ದಳು. ಮೇಡಂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡವನ್ನು ಸೀಳಿ ಬಿಡಿಸಿ ತೋರಿಸಿದರು. ಹೊರಗೆ ನೆಲ ಆಚೆಗೆ ಇಳಿದಿದೆ, ನಿಜ. ಒಳಗಿನ ಕಲ್ಲಿನ ಪದರ ಈಚೆಗೆ ವಾಲಿದೆ. ಊರಿನ ಪಂಪುಗಳು ಗುಂಡಿಯ ತಳಕ್ಕಿಂತ ಎಷ್ಟೋ ಕೆಳಗಿನಿಂದ ಹಗಲೂ ರಾತ್ರಿ ಎಳೆಯುತ್ತಿವೆ. ನೀರು ಗುಡ್ಡ ಹತ್ತಲಿಲ್ಲ, ಇಳಿದೇ ಬಂತು. ನಾವು ನೋಡುತ್ತಿದ್ದದ್ದು ಮೇಲಿನ ನೆಲವನ್ನು.

ಹೊಸ ಫಲಿತಾಂಶ ಬಂತು. ಆಚೆ ಬುಗ್ಗೆ ಸ್ವಚ್ಛ. ತಿರುಗುವ ಪೊಟ್ಟಣ ಸ್ವಚ್ಛ. ಊರಿನ ಬಾವಿಗಳಲ್ಲಿ ಹಸಿರು. ರಸ್ತೆ ಆಗ ಗುಂಡಿಯ ಅಂಚಿಗೆ ಬಂದಿತ್ತು, ಡಾಂಬರು ಇನ್ನೂ ಬಿಸಿಯಾಗಿತ್ತು.

ನಗರಸಭೆಯ ಸಭೆಗೆ ನಾವೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮೇಡಂ ನಡೆದದ್ದನ್ನು ನಡೆದ ಹಾಗೆ ಹೇಳಿದರು, ಬಕೆಟ್ಟಿನ ವಿಷಯವನ್ನೂ ತಮ್ಮ ನಿಯಮದ ತಪ್ಪನ್ನೂ ಬಿಡಲಿಲ್ಲ. ಊರಿನ ಬಾವಿ ಎಂಬ ಮಾತು ಬಂದಾಗ ಸದಸ್ಯರೊಬ್ಬರು ಎದುರಿನ ನೀರಿನ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಈ ಸಲ ಯಾರೂ ಸಾಬೀತು ಕೇಳಲಿಲ್ಲ. ಇನ್ನೊಮ್ಮೆ ಪರೀಕ್ಷಿಸಿ ಎನ್ನಲಿಲ್ಲ. ಗುಂಡಿಯ ಯೋಜನೆ ಕೈಬಿಡಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆ ರಸ್ತೆ ಈಗಲೂ ಇದೆ, ಎಲ್ಲಿಗೂ ಹೋಗದ ಚೆಂದದ ರಸ್ತೆ. ಊರಿನವರೆಲ್ಲ ಸ್ಕೂಟರ್ ಕಲಿಯುವುದು ಅದರ ಮೇಲೆ.

ಸಂಜೆ ಚಿಕ್ಕಪ್ಪ ಹಾಸಿಗೆ, ತಟ್ಟೆ, ಲೋಟ, ಟವೆಲುಗಳೊಂದಿಗೆ ಅಂಗಳ ದಾಟಿ ಬಂದ. ಚಿಕ್ಕಮ್ಮ ಅವನ ಅಂಗೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದಳು, ಗಾಯ ಮಾಯ್ದಿತ್ತು. ಅವಳ ಬಿಳಿ ಕೈ ಎಂಬ ಹೆಸರೂ ಉಳಿಯಿತು. ಅವತ್ತು ನನಗೆ ತುಂಬ ಸಂತೋಷವಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಮರುದಿನ ಬುಗ್ಗೆಯಜ್ಜಿಗೆ ಸುದ್ದಿ ಮುಟ್ಟಿಸಲು ಚಿಕ್ಕಮ್ಮನ ಜೊತೆ ನಾನೂ ಜೀಪು ಹತ್ತಿದೆ.

ಅಜ್ಜಿ ಬುಗ್ಗೆಯ ಬಳಿಯೇ ಇದ್ದಳು. ಚಿಕ್ಕಮ್ಮ ಕೈಗವಸಿಲ್ಲದ ಕೈಯಲ್ಲಿ ನೆಲದ ಮೇಲೆ ಗುಡ್ಡ ಬಿಡಿಸಿ, ಒಳಗಿನ ಪದರ ಯಾವ ಕಡೆ ವಾಲಿದೆ, ನೀರು ಯಾಕೆ ಊರಿನ ಕಡೆಗೆ ಹೋಯಿತು ಎಂದೆಲ್ಲ ಹೇಳಿದಳು. ನಿಮ್ಮ ನೀರಿಗೆ ಗುಂಡಿಯ ಸೋಂಕೇ ಇಲ್ಲ ಎಂದಳು. ಗುಂಡಿಗೆ ಇನ್ನು ಕಸವೂ ಬೀಳುವುದಿಲ್ಲ, ಊರಿನ ನೀರಿಗೇ ಬರುತ್ತದೆಂದು ಗೊತ್ತಾಗಿ ನಿಲ್ಲಿಸಿದರು ಎಂದಳು. ಅಜ್ಜಿ ಗೆರೆಗಳನ್ನು ನೋಡುತ್ತ ಕೂತಿದ್ದಳು. ಎಂದಿನ ಕುತೂಹಲದ ದನಿಯಲ್ಲೇ ಕೇಳಿದಳು.

“ನಮ್ಮ ಕಡೆ ಬಂದಿದ್ರೆ ನಿಲ್ಲಿಸ್ತಿದ್ರಾ, ಮಗಳೇ?”

ಚಿಕ್ಕಮ್ಮ ನೆಲದ ಮೇಲಿನ ಗುಡ್ಡವನ್ನು ಅಂಗೈಯಿಂದ ಒರೆಸಿದಳು.

“ಗೊತ್ತಿಲ್ಲ,” ಎಂದಳು.

ನಾನು ಎರಡನೆಯ ಮಾತಿಗೆ ಕಾದೆ. ಅದು ಬರಲಿಲ್ಲ.